ಕಡಲೂ ಬೇಕು, ಮಾಯಾ ಊರೂ ಬೇಕು: ನಾಲ್ಕು ದಿನದ ಮೆಕ್ಸಿಕೋ ಪ್ರವಾಸಕ್ಕೆ ಹಂತ ಹಂತದ ತಯಾರಿ

"ನಾಲ್ಕೇ ದಿನ ರಜ ಇದೆ, ಕ್ಯಾನ್‌ಕೂನ್‌ಗೆ ಹೋಗೋಣ ಅಂತಿದ್ದೀವಿ. ಬೀಚೂ ಆಗಬೇಕು, ಆ ಪಿರಮಿಡ್ಡೂ ನೋಡಬೇಕು. ಆಗುತ್ತಾ?" ಅಮೆರಿಕದಲ್ಲಿರುವ ಕನ್ನಡದ ಗೆಳೆಯರಿಂದ ಈ ಪ್ರಶ್ನೆ ನನಗೆ ವರ್ಷವಿಡೀ ಬರುತ್ತದೆ. ಡಿಸೆಂಬರ್ ರಜ ಹತ್ತಿರವಾದಾಗ, ಊರಿಂದ ಅಪ್ಪ ಅಮ್ಮ ಬಂದಿರುವಾಗ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಬೀಚ್ ಹೋಟೆಲ್ ಬುಕ್ ಮಾಡಿ, ಮಿಕ್ಕ ಹೊತ್ತಿನಲ್ಲಿ ಎಲ್ಲೋ ಒಂದು ಮಧ್ಯಾಹ್ನ ಮಾಯಾ ಊರನ್ನು, ಅಂದರೆ ಮಾಯಾ ಎಂಬ ಅಲ್ಲಿನ ಮೂಲ ಜನ ಹಿಂದೆ ಕಟ್ಟಿದ ಹಳೆಯ ಕಲ್ಲಿನ ಊರನ್ನು, ತುರುಕುತ್ತಾರೆ. ಸಮುದ್ರ ಇಡೀ ದಿನ ಅಲ್ಲೇ ಇರುತ್ತದೆ. ಕಲ್ಲಿನ ಊರು ಹಾಗಲ್ಲ. ತುಲುಮ್ ಅಂಥದೊಂದು ಊರು; ಬೆಳಿಗ್ಗೆ ಎಂಟಕ್ಕೆ ಕಾಣುವ ತುಲುಮ್ ಬೇರೆ, ಹನ್ನೊಂದಕ್ಕೆ ಕಾಣುವ ತುಲುಮ್ ಬೇರೆ. ಹನ್ನೊಂದರ ಹೊತ್ತಿಗೆ ಟೂರ್ ಬಸ್ಸುಗಳು ಬಂದು ನಿಂತಿರುತ್ತವೆ, ಬಿಸಿಲು ನೆತ್ತಿ ಸುಡುತ್ತದೆ, ನಿಲ್ಲಲು ನೆರಳಿಲ್ಲ. ಆಗ ಯಾರಿಗೂ ಶಿಲ್ಪ ಬೇಡ, ನೀರು ಸಿಕ್ಕರೆ ಸಾಕು ಅನ್ನಿಸುತ್ತದೆ. ಅದಕ್ಕೇ ಮೊದಲು ಎರಡು ಬೆಳಗುಗಳನ್ನು ಮಾಯಾ ಊರುಗಳಿಗೆ ಅಂತ ತೆಗೆದಿಡಿ. ಹೋಟೆಲು, ಕಾರು, ಬೀಚು ಎಲ್ಲ ಆ ಎರಡು ಬೆಳಗುಗಳ ಸುತ್ತ ಕೂರಬೇಕು.

ಜಾಗದ ಪರಿಚಯ ಚಿಕ್ಕದಾಗಿ. ಮೆಕ್ಸಿಕೋದ ಪೂರ್ವ ತುದಿಯಲ್ಲಿ ಯುಕಟಾನ್ ಪರ್ಯಾಯ ದ್ವೀಪ ಇದೆ. ಅದರ ಕೆರಿಬಿಯನ್ ಕಡಲ ಕಡೆಗಿರುವುದು ಕಿಂತಾನಾ ರೋ ರಾಜ್ಯ. ಕ್ಯಾನ್‌ಕೂನ್, ಪ್ಲಾಯಾ ದೆಲ್ ಕಾರ್ಮೆನ್, ತುಲುಮ್, ಕೋಬಾ ಎಲ್ಲ ಈ ರಾಜ್ಯದಲ್ಲಿವೆ. ದೊಡ್ಡ ಪಿರಮಿಡ್ ಇರುವ ಚಿಚೆನ್ ಇಟ್ಸಾ ಮಾತ್ರ ಪಕ್ಕದ ಯುಕಟಾನ್ ರಾಜ್ಯದಲ್ಲಿದೆ. ಈ ಎರಡು ರಾಜ್ಯದ ಗಡಿಯನ್ನು ನೆನಪಿಡಿ, ಮುಂದೆ ಗಡಿಯಾರದ ವಿಷಯದಲ್ಲಿ ಬೇಕಾಗುತ್ತದೆ.

ಹಂತ 1: ಕಾಗದಪತ್ರ

ಟಿಕೆಟ್ ಬುಕ್ ಮಾಡುವ ಮುಂಚೆ ಎಲ್ಲರ ಪಾಸ್‌ಪೋರ್ಟ್ ಮೇಜಿನ ಮೇಲೆ ಹರಡಿಕೊಂಡು ಕೂರಿ. ಒಂದೇ ಮನೆಯಲ್ಲಿ ಒಬ್ಬೊಬ್ಬರ ಕಥೆ ಒಂದೊಂದು ಥರ ಇರುತ್ತದೆ.

ಭಾರತದ ಪಾಸ್‌ಪೋರ್ಟ್ ಇದ್ದು, ಅದರಲ್ಲಿ ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಕೆನಡಾ, ಬ್ರಿಟನ್, ಜಪಾನ್, ಇಲ್ಲವೇ ಯುರೋಪಿನ ಶೆಂಗೆನ್ ವೀಸಾ ಇದ್ದರೂ ಸರಿ. ಗ್ರೀನ್ ಕಾರ್ಡ್ ಇದ್ದವರಿಗೂ ಬೇಡ. ಅಮೆರಿಕದ ಪಾಸ್‌ಪೋರ್ಟ್ ಇರುವ ಮಕ್ಕಳಿಗೂ ಬೇಡ.

ಎಲ್ಲರೂ ಎಡವುವುದು ಇಲ್ಲಿ: ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ಅನುಮತಿಯ ಅವಧಿ ವಿಸ್ತರಣೆಯಾಗಿದೆ, ಅದನ್ನು ಹೇಳುವ ಐ-797 ಪತ್ರವೂ ಕೈಯಲ್ಲಿದೆ, ಆದರೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಮುಗಿದುಹೋಗಿದೆ. ಅಮೆರಿಕದಲ್ಲಿ ಇರುವುದಕ್ಕೆ, ಕೆಲಸ ಮಾಡುವುದಕ್ಕೆ ಆ ಪತ್ರ ಸಾಕು. ಮೆಕ್ಸಿಕೋ ಒಳಗೆ ಹೋಗುವುದಕ್ಕೆ ಸಾಲದು. ಅಂಥವರು ಅಮೆರಿಕದಲ್ಲಿರುವ ಮೆಕ್ಸಿಕೋ ಕಾನ್ಸುಲೇಟಿನಲ್ಲಿ ವೀಸಾ ತೆಗೆದುಕೊಳ್ಳಬೇಕು. ಹಾಗೆ ಹೋದರೆ ವಾಪಸ್ ಅಮೆರಿಕದೊಳಗೆ ಬರುವ ನಿಯಮವೂ ಬೇರೆ. ನಿಮ್ಮ ಕಂಪನಿಯ ವಕೀಲರನ್ನು ಒಂದು ಮಾತು ಕೇಳದೆ ಹೊರಡಬೇಡಿ.

ಇನ್ನು ಅಪ್ಪ ಅಮ್ಮ. ಅವರ ವಿಸಿಟರ್ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಅವಕಾಶ ಇದೆಯಾ ಅಂತ ನೋಡಿ. ಅವರ ಐ-94 ದಿನಾಂಕವನ್ನೂ ನೋಡಿ. ಐ-94 ಅಂದರೆ ಅಮೆರಿಕದಲ್ಲಿ ಯಾವ ದಿನದವರೆಗೆ ಇರಬಹುದು ಎಂದು ಹೇಳುವ ದಾಖಲೆ. ಮೆಕ್ಸಿಕೋಗೆ ಹೋಗಿ ಬಂದರೆ ಹೊಸದಾಗಿ ಆರು ತಿಂಗಳು ಸಿಕ್ಕೇ ಸಿಗುತ್ತದೆ ಅಂತ ಕೆಲವರು ಲೆಕ್ಕ ಹಾಕುತ್ತಾರೆ. ಹಾಗೆ ನಂಬಬೇಡಿ. 30 ದಿನದ ಒಳಗಿನ ಪ್ರವಾಸಕ್ಕೆ ಹಳೆಯ ದಿನಾಂಕವೇ ಮುಂದುವರಿಯಬಹುದು. ವಾಪಸ್ ಬಂದ ಮೇಲೆ ಅದನ್ನು ಆನ್‌ಲೈನಿನಲ್ಲಿ ಮತ್ತೆ ತೆಗೆದು ನೋಡಿ.

ಬೆಂಗಳೂರಿನಿಂದಲೇ ಹೊರಡುವವರಿಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ವಿಮಾನ ಬದಲಿಸಲೂ ಅಮೆರಿಕದ ವೀಸಾ ಬೇಕು. ಅದಿಲ್ಲದಿದ್ದರೆ ಯುರೋಪ್ ಅಥವಾ ಇಸ್ತಾಂಬುಲ್ ದಾರಿ ನೋಡಿ. ಮೇಲೆ ಹೇಳಿದ ಯಾವ ವೀಸಾವೂ ಇಲ್ಲದವರು ದೆಹಲಿಯ ಮೆಕ್ಸಿಕೋ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. ಅಷ್ಟು ದೂರದಿಂದ ಹೋಗುವವರು ನಾಲ್ಕು ದಿನಕ್ಕೆ ಹೋಗಬೇಡಿ, ಹತ್ತು ದಿನವಾದರೂ ಇಟ್ಟುಕೊಳ್ಳಿ.

ಕಿಂತಾನಾ ರೋ ರಾಜ್ಯ ಹೊರದೇಶದವರಿಂದ ವಿಸಿಟ್ಯಾಕ್ಸ್ ಎಂಬ ಸಣ್ಣ ತೆರಿಗೆ ತೆಗೆದುಕೊಳ್ಳುತ್ತದೆ. ಅದನ್ನು ರಾಜ್ಯ ಸರ್ಕಾರದ ಸೈಟಿನಲ್ಲೇ ಕಟ್ಟಿ. ಹುಡುಕಿದಾಗ ಅದೇ ಹೆಸರಿಟ್ಟುಕೊಂಡ ಬೇರೆ ಸೈಟುಗಳೂ ಕಾಣುತ್ತವೆ, ಅವು ಜಾಸ್ತಿ ವಸೂಲಿ ಮಾಡುತ್ತವೆ.

ಹಂತ 2: ಯಾವ ತಿಂಗಳು?

ಡಿಸೆಂಬರಿನಿಂದ ಏಪ್ರಿಲ್ ಮೊದಲ ವಾರದವರೆಗೆ ಹವೆ ಹಿತವಾಗಿರುತ್ತದೆ, ಬೆಲೆಯೂ ಏರಿರುತ್ತದೆ. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್ ಅಪಾಯ ಜಾಸ್ತಿ. 2005ರ ಅಕ್ಟೋಬರಿನಲ್ಲಿ ವಿಲ್ಮಾ ಚಂಡಮಾರುತ ಕ್ಯಾನ್‌ಕೂನನ್ನು ನಡುಗಿಸಿದ್ದು ಅಲ್ಲಿನವರಿಗೆ ಇನ್ನೂ ನೆನಪಿದೆ. ಆ ತಿಂಗಳುಗಳಲ್ಲಿ ಟಿಕೆಟ್ ಅಗ್ಗ ಅಂತ ಹೊರಡುವುದಾದರೆ ದುಡ್ಡು ವಾಪಸ್ ಸಿಗುವ ಬುಕಿಂಗನ್ನೇ ಮಾಡಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಅದು ಸಾರ್ಗಾಸೊ. ಕಂದು ಬಣ್ಣದ ಕಡಲ ಪಾಚಿ. ತೇಲಿಕೊಂಡು ಬಂದು ದಡಕ್ಕೆ ರಾಶಿ ಬೀಳುತ್ತದೆ, ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ. ಸಾಮಾನ್ಯವಾಗಿ ಏಪ್ರಿಲಿನಿಂದ ಆಗಸ್ಟಿನವರೆಗೆ ಇದರ ಕಾಟ ಹೆಚ್ಚು. ಫೋಟೋದಲ್ಲಿ ಕಂಡ ನೀಲಿ ನೀರಿಗೆ ಹೋಗಿ ಕಂದು ರಾಶಿ ಕಂಡವರ ಬೇಸರ ನಾನು ಕೇಳಿದ್ದೇನೆ. ಹೊರಡುವ ವಾರ ಆ ಬೀಚಿನ ಇತ್ತೀಚಿನ ಫೋಟೋ ನೋಡಿಕೊಳ್ಳಿ. ಪಾಚಿ ಜೋರಾಗಿದ್ದರೆ ಇಸ್ಲಾ ಮುಹೇರೆಸ್ ದ್ವೀಪದ ಉತ್ತರದ ಬೀಚಿಗೋ ಕೊಸುಮೆಲ್ ದ್ವೀಪದ ಪಶ್ಚಿಮ ದಡಕ್ಕೋ ಹೋಗಿ. ಪಾಚಿ ಬರುವುದು ಪೂರ್ವದಿಂದ, ಹಾಗಾಗಿ ಆ ದಡಗಳು ಸಾಮಾನ್ಯವಾಗಿ ಸ್ವಚ್ಛವಾಗಿರುತ್ತವೆ.

ಹಂತ 3: ಉಳಿಯಲು ಒಂದೇ ಊರು

ನಾಲ್ಕು ದಿನಕ್ಕೆ ಎರಡು ಹೋಟೆಲ್ ಬೇಡ. ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ಅರ್ಧ ದಿನ ಹೋಗುತ್ತದೆ.

ನನ್ನ ಆಯ್ಕೆ ಪ್ಲಾಯಾ ದೆಲ್ ಕಾರ್ಮೆನ್. ಕ್ಯಾನ್‌ಕೂನ್ ವಿಮಾನ ನಿಲ್ದಾಣದಿಂದ ಸುಮಾರು 55 ಕಿ.ಮೀ. ಅಲ್ಲಿಂದ ತುಲುಮ್ ಇನ್ನು 65 ಕಿ.ಮೀ. ಊರೊಳಗೆ ನಡೆದೇ ಓಡಾಡಬಹುದು, ಬೀದಿಯಲ್ಲಿ ಊಟ ಸಿಗುತ್ತದೆ, ಬೀಚು ಎರಡು ಹೆಜ್ಜೆ. ಕ್ಯಾನ್‌ಕೂನಿನ ಹೋಟೆಲ್ ವಲಯ ಅಂದರೆ ಕಡಲಿಗೂ ಹಿನ್ನೀರಿಗೂ ನಡುವೆ ಇರುವ ಉದ್ದನೆಯ ಮರಳ ಪಟ್ಟಿ. ನೀರು ಬಹಳ ಚಂದ. ಆದರೆ ಅಲ್ಲಿಂದ ತುಲುಮ್ ಸುಮಾರು 130 ಕಿ.ಮೀ., ಚಿಚೆನ್ ಇಟ್ಸಾ ಸುಮಾರು 200 ಕಿ.ಮೀ. ತುಲುಮ್‌ನಲ್ಲೇ ಉಳಿದರೆ ಮಾಯಾ ಊರು ಹತ್ತಿರ, ಆದರೆ ಬೀಚ್ ಹೋಟೆಲುಗಳು ದುಬಾರಿ, ಊರಿಗೂ ಬೀಚಿಗೂ ದೂರ.

ಆಲ್ ಇನ್‌ಕ್ಲೂಸಿವ್, ಅಂದರೆ ಊಟ ತಿಂಡಿ ಪಾನೀಯ ಎಲ್ಲ ರೂಮಿನ ಬಾಡಿಗೆಯಲ್ಲೇ ಸೇರಿರುವ ಹೋಟೆಲ್, ಈ ಪ್ರವಾಸಕ್ಕೆ ನಾನು ಹೇಳುವುದಿಲ್ಲ. ಎರಡು ದಿನ ನೀವು ಬೆಳಗಿನ ಜಾವವೇ ಹೊರಗೆ. ತಿನ್ನದ ಊಟಕ್ಕೆ ದುಡ್ಡು ಕೊಟ್ಟ ಹಾಗಾಗುತ್ತದೆ. ಕೊಟ್ಟಿದ್ದೇವಲ್ಲ ಅಂತ ಹೋಟೆಲ್ ಬಿಟ್ಟು ಹೊರಡಲು ಮನಸ್ಸೂ ಬರುವುದಿಲ್ಲ.

ಹಂತ 4: ಯಾವ ಮಾಯಾ ಊರು?

ಮೊದಲು ಮಕ್ಕಳಿಗೆ ಒಂದು ವಿಷಯ ಹೇಳಿ ಕರೆದುಕೊಂಡು ಹೋಗಿ. ಮಾಯಾ ಜನ ಎಲ್ಲಿಗೂ ಮಾಯವಾಗಿಲ್ಲ. ಯುಕಟಾನಿನ ಮಾಯಾ ಭಾಷೆಯನ್ನು ಇವತ್ತಿಗೂ 7 ಲಕ್ಷಕ್ಕೂ ಹೆಚ್ಚು ಜನ ಮಾತಾಡುತ್ತಾರೆ. ನಿಮ್ಮ ಹೋಟೆಲಿನಲ್ಲಿ ಕೆಲಸ ಮಾಡುವವರು, ಟ್ಯಾಕ್ಸಿ ಓಡಿಸುವವರು ಮನೆಯಲ್ಲಿ ಆ ಭಾಷೆ ಆಡುವವರಿರಬಹುದು. ಮಾಯಾದಲ್ಲಿ ಧನ್ಯವಾದಕ್ಕೆ "ದ್ಯೋಸ್ ಬೋಟಿಕ್" ಅನ್ನುತ್ತಾರೆ. ಒಮ್ಮೆ ಹೇಳಿ ನೋಡಿ, ಎದುರಿನವರ ಮುಖ ಅರಳುತ್ತದೆ.

ಇನ್ನೊಂದು ವಿಷಯ ನಮ್ಮ ಮಕ್ಕಳಿಗೆ ಖುಷಿ ಕೊಡುತ್ತದೆ. ಸೊನ್ನೆಯ ಲೆಕ್ಕ ಭಾರತದ್ದು ಅಂತ ನಾವೆಲ್ಲ ಓದಿದ್ದೇವೆ. ನಮ್ಮ ಸಂಪರ್ಕವೇ ಇಲ್ಲದೆ ಮಾಯಾ ಜನರೂ ತಮ್ಮದೇ ಸೊನ್ನೆ ಕಂಡುಕೊಂಡಿದ್ದರು. ಒಂದಕ್ಕೆ ಒಂದು ಚುಕ್ಕಿ, ಐದಕ್ಕೆ ಒಂದು ಗೆರೆ, ಸೊನ್ನೆಗೆ ಒಂದು ಚಿಪ್ಪಿನ ಗುರುತು. ನಾವು ಹತ್ತು ಹತ್ತಾಗಿ ಎಣಿಸಿದರೆ ಅವರು ಇಪ್ಪತ್ತು ಇಪ್ಪತ್ತಾಗಿ ಎಣಿಸುತ್ತಿದ್ದರು. ವಿಮಾನದಲ್ಲಿ ಮಕ್ಕಳಿಗೆ ಒಂದು ಹಾಳೆ ಕೊಟ್ಟು ತಮ್ಮ ವಯಸ್ಸನ್ನು ಹೀಗೆ ಬರೆಯಲು ಹೇಳಿ.

ತುಲುಮ್. ಕಡಲ ಅಂಚಿನ ಬಂಡೆಯ ಮೇಲೆ ಕಟ್ಟಿದ ಬಂದರು ಊರು. ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೇ ಕಡೆ ಸಮುದ್ರ. 13ರಿಂದ 15ನೇ ಶತಮಾನದಲ್ಲಿ ಇದು ತುಂಬಿ ತುಳುಕುತ್ತಿತ್ತು. 1518ರಲ್ಲಿ ಕಡಲಿನಿಂದ ಇದನ್ನು ಕಂಡ ಸ್ಪೇನಿನವರು ಬೆರಗಾದರು. ಒಳಗೆ ಹೋಗುವುದು ಗೋಡೆಯಲ್ಲಿರುವ ಕಿರಿದಾದ ಬಾಗಿಲಿನ ಮೂಲಕ, ಒಬ್ಬರ ಹಿಂದೆ ಒಬ್ಬರು. ಎಲ್ಲರೂ ಕಡಲ ಕಡೆಯ ಎಲ್ ಕಾಸ್ತಿಯೋ ಎಂಬ ದೊಡ್ಡ ಕಟ್ಟಡದ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಅದರ ಪಕ್ಕದ ಚಿಕ್ಕ ಗುಡಿಯ ಮುಂದೆ ಐದು ನಿಮಿಷ ನಿಲ್ಲಿ. ಬಾಗಿಲ ಮೇಲೆ ಒಂದು ಮೂರ್ತಿ ಇದೆ. ಕಾಲು ಮೇಲೆ, ತಲೆ ಕೆಳಗೆ, ನೀರಿಗೆ ಧುಮುಕುವವನ ಹಾಗೆ. ಇಳಿದು ಬರುವ ದೇವರು ಅಂತಲೇ ಅದಕ್ಕೆ ಹೆಸರು. ಗುಡಿಯ ಗೋಡೆಗಳನ್ನೂ ಗಮನಿಸಿ. ನೆಟ್ಟಗಿಲ್ಲ, ಮೇಲೆ ಹೋದಂತೆ ಹೊರಕ್ಕೆ ವಾಲಿವೆ. ಕುಸಿದು ಹಾಗಾಗಿದ್ದಲ್ಲ, ಬೇಕೆಂದೇ ಹಾಗೆ ಕಟ್ಟಿದ್ದು. ಸುತ್ತ ಕಲ್ಲುಗಳ ಮೇಲೆ ಇಗ್ವಾನಾಗಳು, ಅಂದರೆ ಮೊಳಕ್ಕಿಂತ ಉದ್ದದ ದೊಡ್ಡ ಹಲ್ಲಿಯಂಥ ಪ್ರಾಣಿಗಳು, ಬಿಸಿಲು ಕಾಯುತ್ತಾ ಕೂತಿರುತ್ತವೆ. ಏನೂ ಮಾಡುವುದಿಲ್ಲ. ತಿನ್ನಲು ಮಾತ್ರ ಏನೂ ಹಾಕಬೇಡಿ.

ಎಚ್ಚರಿಕೆ: ತುಲುಮ್ ಈಗ ಒಂದು ದೊಡ್ಡ ಉದ್ಯಾನದ ಒಳಗಿದೆ. ಹಾಗಾಗಿ ಒಂದಕ್ಕಿಂತ ಹೆಚ್ಚು ಟಿಕೆಟ್ ಕೊಳ್ಳಬೇಕು, ಗೇಟಿನಿಂದ ಒಳಗೆ ದೂರವೂ ಇದೆ. ರಸ್ತೆಯಲ್ಲೇ ನಿಂತು ಕೈ ಬೀಸಿ "ಪಾರ್ಕಿಂಗ್ ಇಲ್ಲೇ, ಟಿಕೆಟ್ ಇಲ್ಲೇ" ಅನ್ನುವವರಿರುತ್ತಾರೆ. ನಿಲ್ಲಿಸಬೇಡಿ. ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡಿದ್ದರೂ ಅಷ್ಟೆ. ಅಧಿಕೃತ ಕೌಂಟರಿಗೆ ಹೋಗಿಯೇ ಕೊಳ್ಳಿ.

ಚಿಚೆನ್ ಇಟ್ಸಾ. 1988ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ನಡುವೆ ನಿಂತಿರುವುದು ಕುಕುಲ್ಕಾನನ ಪಿರಮಿಡ್. ಕುಕುಲ್ಕಾನ್ ಅಂದರೆ ಗರಿಗಳಿರುವ ಹಾವಿನ ರೂಪದ ದೇವರು. ನಾಲ್ಕು ಕಡೆಯೂ 91 ಮೆಟ್ಟಿಲು, ತುದಿಯ ವೇದಿಕೆಯನ್ನು ಒಂದು ಅಂತ ಸೇರಿಸಿದರೆ 365. ಒಂಬತ್ತು ಅಂತಸ್ತುಗಳನ್ನು ಮೆಟ್ಟಿಲ ಸಾಲು ಎರಡಾಗಿ ಸೀಳುತ್ತದೆ, ಆಗ 18. ಮಾಯಾ ವರ್ಷದಲ್ಲಿ 20 ದಿನದ 18 ತಿಂಗಳು, ಮೇಲೆ 5 ದಿನ. ಅಂದರೆ ನೀವು ನೋಡುತ್ತಿರುವುದು ಕಲ್ಲಿನಲ್ಲಿ ಕಟ್ಟಿದ ಪಂಚಾಂಗ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳ ಸಂಜೆ, ಮೆಟ್ಟಿಲಿನ ಅಂಚಿನಲ್ಲಿ ನೆರಳು ಬೆಳಕು ಸೇರಿ ಹಾವು ಇಳಿದಂತೆ ಕಾಣುತ್ತದೆ. ಆ ದಿನ ಜನಜಾತ್ರೆ, ಮಕ್ಕಳಿದ್ದರೆ ಬೇಡ. ಬೇರೆ ಯಾವ ದಿನವಾದರೂ ಮೆಟ್ಟಿಲ ಎದುರು ನಿಂತು ಜೋರಾಗಿ ಚಪ್ಪಾಳೆ ತಟ್ಟಿ. ಮಾರ್ದನಿ ಚಪ್ಪಾಳೆಯಂತೆ ಬರುವುದಿಲ್ಲ, "ಚ್ಯೂಂ" ಎಂದು ಹಕ್ಕಿ ಕೂಗಿದಂತೆ ಬರುತ್ತದೆ. ಅಲ್ಲಿನವರು ಅದನ್ನು ಕೆಟ್ಸಾಲ್ ಹಕ್ಕಿಯ ಕೂಗು ಅನ್ನುತ್ತಾರೆ.

ಪಿರಮಿಡ್ ಹತ್ತಲು ಈಗ ಬಿಡುವುದಿಲ್ಲ. ಹಳೆಯ ಫೋಟೋ ನೋಡಿ ಆಸೆ ಇಟ್ಟುಕೊಳ್ಳಬೇಡಿ. ಹತ್ತುವುದನ್ನು ಮರೆತು ಚೆಂಡಾಟದ ಅಂಗಳಕ್ಕೆ ನಡೆಯಿರಿ. 168 ಮೀಟರ್ ಉದ್ದ, 70 ಮೀಟರ್ ಅಗಲ. ರಬ್ಬರ್ ಚೆಂಡಿನ ಆಟಕ್ಕೆ ಇಡೀ ಮಧ್ಯ ಅಮೆರಿಕದಲ್ಲಿ ಇಷ್ಟು ದೊಡ್ಡ ಅಂಗಳ ಇನ್ನೊಂದಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಕಲ್ಲಿನ ಬಳೆ ಇದೆ, ಬುಡದ ಉಬ್ಬುಶಿಲ್ಪದಲ್ಲಿ ಆಟಗಾರರ ಸಾಲು. ತಲೆ ಕಡಿದ ಆಟಗಾರನ ಕುತ್ತಿಗೆಯಿಂದ ಚಿಮ್ಮುವ ರಕ್ತ ಹಾವುಗಳಾಗಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಈ ಶಿಲ್ಪಗಳು ಎದ್ದು ಕಾಣುತ್ತವೆ. ನಡು ಮಧ್ಯಾಹ್ನ ಎಲ್ಲ ಒಂದೇ ಬಣ್ಣ.

ಇಲ್ಲಿಯೂ ಎರಡು ಟಿಕೆಟ್: ಒಂದು ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆಯದು, ಇನ್ನೊಂದು ಯುಕಟಾನ್ ರಾಜ್ಯದ್ದು. ಎರಡೂ ಇದ್ದರೆ ಮಾತ್ರ ಒಳಗೆ. ಭಾನುವಾರ ಮೆಕ್ಸಿಕೋದವರಿಗೆ ಪ್ರವೇಶ ಉಚಿತ, ಹಾಗಾಗಿ ಭಾರೀ ಜನ. ನಿಮ್ಮ ಎರಡು ಬೆಳಗುಗಳಲ್ಲಿ ಭಾನುವಾರ ಬರದ ಹಾಗೆ ನೋಡಿಕೊಳ್ಳಿ.

ಗೈಡ್ ಬೇಕೇ? ಚಿಚೆನ್ ಇಟ್ಸಾದಲ್ಲಿ ಬೇಕು ಅಂತಲೇ ಹೇಳುತ್ತೇನೆ. ಇಲ್ಲದಿದ್ದರೆ ಬರೀ ಕಲ್ಲು. ಗೇಟಿನ ಬಳಿ ಪರವಾನಗಿ ಇರುವ ಗೈಡುಗಳು ಸಿಗುತ್ತಾರೆ. ಎಷ್ಟು ಹೊತ್ತು, ಯಾವ ಭಾಷೆ, ದರ ತಲೆಗೋ ಗುಂಪಿಗೋ, ಮೆಕ್ಸಿಕೋದ ಪೆಸೊದಲ್ಲೋ ಡಾಲರಿನಲ್ಲೋ, ಇಷ್ಟನ್ನು ಮೊದಲೇ ಮಾತಾಡಿಕೊಳ್ಳಿ.

ಕೋಬಾ. ವಯಸ್ಸಾದವರು ಜೊತೆಗಿದ್ದರೆ ಚಿಚೆನ್ ಇಟ್ಸಾ ಬಿಟ್ಟು ಇಲ್ಲಿಗೆ ಹೋಗಿ. ತುಲುಮ್‌ನಿಂದ ಒಳನಾಡಿಗೆ ಸುಮಾರು 45 ಕಿ.ಮೀ. ಊರಿಡೀ ಕಾಡಿನೊಳಗೆ ಹರಡಿದೆ, ದಾರಿಯುದ್ದಕ್ಕೂ ನೆರಳು. ಬಾಡಿಗೆ ಸೈಕಲ್ ಸಿಗುತ್ತದೆ. ನಡೆಯಲಾಗದವರನ್ನು ಮುಂದೆ ಕೂರಿಸಿಕೊಂಡು ಹಿಂದಿನಿಂದ ತುಳಿಯುವ ಮೂರು ಚಕ್ರದ ಗಾಡಿಗಳೂ ಇವೆ. ಅಮ್ಮ ಮೊಣಕಾಲು ಹಿಡಿದುಕೊಂಡು ನಿಲ್ಲಬೇಕಾಗಿಲ್ಲ. ನೊಹೋಚ್ ಮುಲ್ ಎಂಬ ಪಿರಮಿಡ್ 42 ಮೀಟರ್ ಎತ್ತರ. ಅಲ್ಲಿನ ಸಕ್‌ಬೆಗಳನ್ನೂ ನೋಡಿ. ಸಕ್‌ಬೆ ಅಂದರೆ ಬಿಳಿ ದಾರಿ, ಸುಣ್ಣಕಲ್ಲು ಹಾಕಿ ಎತ್ತರಿಸಿ ಕಟ್ಟಿದ ರಸ್ತೆ. ಕೋಬಾದಿಂದ ಹೊರಟ ಒಂದು ಸಕ್‌ಬೆ ಸುಮಾರು 100 ಕಿ.ಮೀ. ದೂರದ ಯಶುನಾ ಊರಿನವರೆಗೆ ಹೋಗುತ್ತಿತ್ತು.

ಹಂತ 5: ಗಡಿಯಾರ ಮತ್ತು ಗಾಡಿ

ಕಿಂತಾನಾ ರೋ ರಾಜ್ಯದ ಸಮಯ ಯುಕಟಾನ್ ರಾಜ್ಯಕ್ಕಿಂತ ಒಂದು ಗಂಟೆ ಮುಂದೆ. ಹೋಗುವಾಗ ಇದು ಲಾಭ. ಪ್ಲಾಯಾದಿಂದ ಆರೂವರೆಗೆ ಹೊರಟು ಎರಡೂವರೆ ಗಂಟೆ ಪ್ರಯಾಣ ಮಾಡಿದರೂ ಚಿಚೆನ್ ಇಟ್ಸಾದಲ್ಲಿ ಎಂಟೇ ಗಂಟೆ, ಗೇಟು ತೆರೆಯುವ ಹೊತ್ತು. ಬರುವಾಗ ಆ ಒಂದು ಗಂಟೆ ಕಳೆದುಹೋಗುತ್ತದೆ. ವಾಪಸ್ ವಿಮಾನದ ದಿನ ಚಿಚೆನ್ ಇಟ್ಸಾ ಇಟ್ಟುಕೊಂಡವರು ಇಲ್ಲೇ ಸಿಕ್ಕಿಬೀಳುವುದು. ಕೊನೆಯ ದಿನಕ್ಕೆ ಅದನ್ನು ಎಂದೂ ಇಡಬೇಡಿ.

ಕ್ಯಾನ್‌ಕೂನ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ದಾಟಿದ ಮೇಲೆ ಒಂದು ದೊಡ್ಡ ಹಾಲ್ ಬರುತ್ತದೆ. ಅಲ್ಲಿ ಸಮವಸ್ತ್ರ ಹಾಕಿದವರು ನಗುತ್ತಾ ಬಂದು ಟ್ಯಾಕ್ಸಿ ಬೇಕಾ, ನಿಮ್ಮ ಹೋಟೆಲ್ ಯಾವುದು ಅಂತ ಕೇಳುತ್ತಾರೆ. ಟೈಮ್‌ಶೇರ್ ಮಾರುವವರೇ ಅವರಲ್ಲಿ ಹೆಚ್ಚು. ಟೈಮ್‌ಶೇರ್ ಅಂದರೆ ವರ್ಷಕ್ಕೆ ಒಂದಿಷ್ಟು ದಿನ ಇರಲು ರೂಮನ್ನು ಮೊದಲೇ ಕೊಂಡುಕೊಳ್ಳುವ ವ್ಯವಹಾರ. ಮಾತಿಗೆ ನಿಂತರೆ ಉಚಿತ ತಿಂಡಿಯ ಆಸೆ ತೋರಿಸಿ ನಿಮ್ಮ ಅರ್ಧ ದಿನ ತೆಗೆದುಕೊಳ್ಳುತ್ತಾರೆ. "ನೋ, ಗ್ರಾಸಿಯಾಸ್" ಅಂದು ನಿಲ್ಲದೆ ಹೊರಗೆ ನಡೆಯಿರಿ.

ಹೊರಗೆ ಎಡಿಒ ಬಸ್ ಸಿಗುತ್ತದೆ. ಎಸಿ ಇರುವ, ಹೊತ್ತಿಗೆ ಸರಿಯಾಗಿ ಹೊರಡುವ ಬಸ್ಸು. ಪ್ಲಾಯಾಕ್ಕೆ ನೇರ ಹೋಗುತ್ತದೆ. ಪ್ಲಾಯಾದಿಂದ ತುಲುಮ್‌ಗೆ ಕೊಲೆಕ್ತಿವೊ ಇದೆ, ನಮ್ಮ ಊರಿನ ಮ್ಯಾಕ್ಸಿಕ್ಯಾಬ್ ಥರ. ತುಂಬಿದ ಮೇಲೆ ಹೊರಡುತ್ತದೆ, ಕೇಳಿದಲ್ಲಿ ಇಳಿಸುತ್ತದೆ, ಅಗ್ಗ. ದೊಡ್ಡ ಪೆಟ್ಟಿಗೆ ಇದ್ದರೆ ಬೇಡ. ತ್ರೆನ್ ಮಾಯಾ ಎಂಬ ರೈಲು 2023ರ ಡಿಸೆಂಬರಿನಲ್ಲಿ ಶುರುವಾಗಿದೆ, ಚಿಚೆನ್ ಇಟ್ಸಾಕ್ಕೂ ನಿಲ್ದಾಣ ಇದೆ. ಆದರೆ ನಿಲ್ದಾಣಗಳು ಊರಿನಿಂದ ದೂರ. ಎಂಟಕ್ಕೆ ಗೇಟಿನಲ್ಲಿರಬೇಕು ಅನ್ನುವವರಿಗೆ ಒಗ್ಗುವುದು ಕಷ್ಟ.

ಬಾಡಿಗೆ ಕಾರು ತೆಗೆದುಕೊಳ್ಳುವುದಾದರೆ ಇದನ್ನು ಗಮನವಿಟ್ಟು ಓದಿ. ಆನ್‌ಲೈನಿನಲ್ಲಿ ದಿನಕ್ಕೆ ಐದು ಡಾಲರ್ ಅಂತ ಕಾಣುವ ಬೆಲೆ ನಿಜವಾದ ಬೆಲೆ ಅಲ್ಲ. ಮೆಕ್ಸಿಕೋದಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಮೆರಿಕದ ಕ್ರೆಡಿಟ್ ಕಾರ್ಡಿನ ವಿಮೆ ಸಾಮಾನ್ಯವಾಗಿ ನಿಮ್ಮ ಕೈಲಿರುವ ಕಾರಿಗೆ ಆದ ಹಾನಿಯನ್ನಷ್ಟೇ ನೋಡಿಕೊಳ್ಳುತ್ತದೆ. ನಾವು ಮೊದಲ ಸಲ ಹೋದಾಗ ಇದು ಗೊತ್ತಿರಲಿಲ್ಲ, ಕೌಂಟರಿನಲ್ಲಿ ಬಿಲ್ ಮೂರು ಪಟ್ಟಾಯಿತು. ವಿಮೆ ಎಲ್ಲ ಸೇರಿ ಒಟ್ಟು ಎಷ್ಟು ಅಂತ ಇಮೇಲಿನಲ್ಲಿ ಬರೆಸಿಕೊಂಡೇ ಬುಕ್ ಮಾಡಿ. ಕಾರನ್ನು ಸುತ್ತ ವೀಡಿಯೊ ಮಾಡಿಕೊಳ್ಳಿ. ಊರು ಬಂದಾಗೆಲ್ಲ ತೋಪೆಗಳು ಬರುತ್ತವೆ, ಅಂದರೆ ರಸ್ತೆ ಉಬ್ಬುಗಳು. ನಮ್ಮ ಹಂಪ್‌ಗಳಷ್ಟೇ ಎತ್ತರ, ಎಷ್ಟೋ ಕಡೆ ಬೋರ್ಡೂ ಇರುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಮ್ಮಲ್ಲಿಯ ಹಾಗೇ ಅವರೇ ಹಾಕುತ್ತಾರೆ. ಮೀಟರ್ ಸೊನ್ನೆಗೆ ಬಂದಿದೆಯಾ ಅಂತ ನೋಡಿ, ಅದೂ ನಮ್ಮಲ್ಲಿಯ ಹಾಗೇ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಓಡಿಸಬೇಡಿ.

ಹಂತ 6: ದುಡ್ಡು

ಪೆಸೊಗೂ ಡಾಲರಿನ ಚಿಹ್ನೆಯನ್ನೇ ಬರೆಯುತ್ತಾರೆ. ಬೋರ್ಡಿನಲ್ಲಿ ಆ ಚಿಹ್ನೆ ಹಾಕಿ 120 ಅಂತ ಇದ್ದರೆ ಅದು ಸಾಮಾನ್ಯವಾಗಿ ಪೆಸೊ. ಗೊತ್ತಿಲ್ಲದೆ ಡಾಲರ್ ಎಣಿಸಬೇಡಿ, ಸಂಶಯ ಬಂದರೆ "ಪೆಸೊಸ್?" ಅಂತ ಕೇಳಿ. ಡಾಲರ್ ಎಲ್ಲ ಕಡೆ ತೆಗೆದುಕೊಳ್ಳುತ್ತಾರೆ, ಆದರೆ ದರ ಅವರಿಗೆ ಬೇಕಾದ ಹಾಗೆ. ಬ್ಯಾಂಕಿನ ಒಳಗಿರುವ ಎಟಿಎಂನಲ್ಲಿ ಪೆಸೊ ತೆಗೆಯಿರಿ. ಆ ಎಟಿಎಂನ ದರದಲ್ಲೇ ಪರಿವರ್ತಿಸಲೇ ಅಂತ ಪರದೆ ಕೇಳುತ್ತದೆ. ಬೇಡ ಅನ್ನಿ. ಬೇಡ ಅಂದರೂ ದುಡ್ಡು ಬರುತ್ತದೆ, ದರ ನಿಮ್ಮ ಬ್ಯಾಂಕಿನದು ಸಿಗುತ್ತದೆ. ಟಿಕೆಟ್, ಟೋಲ್, ಕೊಲೆಕ್ತಿವೊಗೆ ನಗದು ಇಟ್ಟುಕೊಂಡಿರಿ.

ಹಂತ 7: ನಾಲ್ಕು ದಿನದ ಜೋಡಣೆ

ಮೊದಲ ದಿನ ತಲುಪಿ, ಸಂಜೆ ಬೀಚಿನಲ್ಲಿ ನಡೆದು, ಬೇಗ ಮಲಗಿ. ಎರಡನೇ ದಿನ ಏಳಕ್ಕೆ ಮುಂಚೆ ಹೊರಟು ಎಂಟಕ್ಕೆ ತುಲುಮ್, ಹತ್ತೂವರೆಗೆ ಹೊರಗೆ. ಅಲ್ಲಿಂದ ಒಂದು ಸೆನೋಟೆ (ನೆಲದಡಿಯ ಕೊಳ, ಮುಂದಿನ ಹಂತದಲ್ಲಿ ಹೇಳುತ್ತೇನೆ), ಊಟ, ಸಂಜೆ ಪ್ಲಾಯಾ ಬೀಚು. ಮೂರನೇ ದಿನ ಚಿಚೆನ್ ಇಟ್ಸಾ. ಹನ್ನೊಂದಕ್ಕೆ ಅಲ್ಲಿಂದ ಹೊರಟು 45 ಕಿ.ಮೀ. ದೂರದ ವಯ್ಯಾದೊಲಿದ್ ಊರಲ್ಲಿ ಊಟ ಮಾಡಿ ವಾಪಸ್. ಹಿರಿಯರಿದ್ದರೆ ಆ ದಿನ ಕೋಬಾ. ನಾಲ್ಕನೇ ದಿನದ ಬೆಳಗು ಪೂರ್ತಿ ಕಡಲಿಗೆ, ಮಧ್ಯಾಹ್ನದ ಮೇಲೆ ವಿಮಾನ. ಇದರ ಮೇಲೆ ಇನ್ನೊಂದನ್ನು ಸೇರಿಸಬೇಡಿ. ದ್ವೀಪಕ್ಕೆ ಹೋಗುವ ಆಸೆ ಇದ್ದರೆ ಐದನೇ ದಿನ ರಜ ಹಾಕಿ.

ಹಂತ 8: ನೀರಿಗಿಳಿಯುವ ಮುಂಚೆ

ಸೆನೋಟೆ ಅಂದರೆ ಸುಣ್ಣಕಲ್ಲಿನ ಮೇಲ್ಚಾವಣಿ ಕುಸಿದು ಬಾಯ್ತೆರೆದ ನೆಲದಡಿಯ ಕೊಳ. ಯುಕಟಾನಿನ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ನದಿಗಳೇ ಇಲ್ಲ, ಮಳೆನೀರೆಲ್ಲ ಕಲ್ಲಿನೊಳಗೆ ಇಳಿದು ಅಡಿಯಲ್ಲೇ ಹರಿಯುತ್ತದೆ. ಮಾಯಾ ಊರುಗಳಿಗೆ ಕುಡಿಯುವ ನೀರು ಸಿಕ್ಕಿದ್ದು ಈ ಕೊಳಗಳಿಂದ. ಅದಕ್ಕೇ ಅವು ಅವರಿಗೆ ಪವಿತ್ರ. ಒಳಗಿಳಿದರೆ ತಂಪು ನೀರು, ತಳದ ಕಲ್ಲು ಕಾಣುವಷ್ಟು ತಿಳಿ. ಮೇಲಿನ ಮರದ ಬೇರುಗಳು ಹಗ್ಗದ ಹಾಗೆ ನೀರಿನವರೆಗೂ ಇಳಿಬಿದ್ದಿರುತ್ತವೆ. ಸುಮ್ನೆ ನಿಂತರೆ ಸಣ್ಣ ಮೀನುಗಳು ಬಂದು ಪಾದ ಕಚ್ಚಿ ನೋಡುತ್ತವೆ.

ಇಳಿಯುವ ಮುಂಚೆ ಶವರಿನಲ್ಲಿ ಮೈ ತೊಳೆಯಬೇಕು, ಸನ್‌ಸ್ಕ್ರೀನ್, ಎಣ್ಣೆ ಯಾವುದೂ ಇರಬಾರದು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದರೆ ಅದನ್ನೂ ತೊಳೆಯಿರಿ. ಈ ನೀರು ಹರಿದು ಸೇರುವುದು ಕಡಲಿನ ಹವಳದ ದಂಡೆಗೆ. ಈಜು ಬಂದರೂ ಲೈಫ್ ಜಾಕೆಟ್ ಹಾಕಿ. ಕೊಳಗಳು ಆಳ ಇರುತ್ತವೆ, ಕಾಲಿಗೆ ನೆಲ ಸಿಗುವುದಿಲ್ಲ.

ಕಡಲಿನಲ್ಲಿ ಬಾವುಟ ನೋಡಿ. ಹಸಿರು ಸುರಕ್ಷಿತ, ಹಳದಿ ಎಚ್ಚರ, ಕೆಂಪು ಅಪಾಯ, ಕಪ್ಪು ಇಳಿಯಲೇಬೇಡಿ. ಕ್ಯಾನ್‌ಕೂನಿನ ಪೂರ್ವ ದಂಡೆಯ ನೀಲಿ ನೀರು ಶಾಂತವಾಗಿ ಕಂಡರೂ ಒಳಸೆಳೆತ ಜೋರು. ಈಜು ಬಾರದವರು, ಮಕ್ಕಳು ಉತ್ತರಕ್ಕೆ ಮುಖ ಮಾಡಿದ ಬೀಚುಗಳಿಗೇ ಹೋಗಿ.

ಹಂತ 9: ಊಟ

ಸಸ್ಯಾಹಾರಿಗಳು ಉಪವಾಸ ಇರಬೇಕಾಗಿಲ್ಲ. ಆದರೆ "ಸಿನ್ ಕಾರ್ನೆ", ಅಂದರೆ ಮಾಂಸ ಬೇಡ, ಅಂದರೆ ಸಾಲದು. ಕಾರ್ನೆ ಅಂದರೆ ಅಲ್ಲಿ ದನ, ಹಂದಿಯ ಮಾಂಸ. ಕೋಳಿ, ಮೀನು ಹಾಕಿ ತಂದುಕೊಡುತ್ತಾರೆ, ಪಾಪ ಮೋಸ ಮಾಡಬೇಕು ಅಂತ ಅಲ್ಲ. ಹೀಗೆ ಹೇಳಿ: "ನೋ ಕೋಮೋ ಕಾರ್ನೆ, ನಿ ಪೋಯೋ, ನಿ ಪೆಸ್ಕಾದೋ." ಮಾಂಸ, ಕೋಳಿ, ಮೀನು ಯಾವುದೂ ತಿನ್ನುವುದಿಲ್ಲ ಅಂತ ಅರ್ಥ. ಮೊಟ್ಟೆಯೂ ಬೇಡದಿದ್ದರೆ "ನಿ ಹುಯೆವೊ" ಸೇರಿಸಿ.

ಕಣ್ಣಿಗೆ ಕಾಣದ್ದು ಇನ್ನೂ ಮುಖ್ಯ. ರಾಜ್ಮಾದಂಥ ಕಾಳನ್ನು ಬೇಯಿಸಿ ಅರೆದು ಹುರಿದ ಫ್ರಿಹೋಲೆಸ್‌ಗೆ ಹಂದಿಯ ಕೊಬ್ಬು ಹಾಕುವುದು ರೂಢಿ. ಅದಕ್ಕೆ ಮಾಂತೇಕಾ ಅನ್ನುತ್ತಾರೆ. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ತಮಾಲ್ ನಮ್ಮ ಕಡುಬಿನ ಹಾಗೆ ಕಂಡು ಬಾಯಲ್ಲಿ ನೀರು ಬರುತ್ತದೆ, ಅದರಲ್ಲೂ ಇರುತ್ತದೆ. ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿರಬಹುದು. "ಸಿನ್ ಮಾಂತೇಕಾ? ಸಿನ್ ಕಾಲ್ದೊ ದೆ ಪೋಯೋ?" ಅಂತ ಪ್ರತಿ ಸಲ ಕೇಳಿ.

ಏನು ತಿನ್ನಬಹುದು? ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದು ತಟ್ಟಿದ ಬಿಸಿ ತೊರ್ತಿಯಾ. ಜೊತೆಗೆ ಸಿಕಿಲ್ ಪಾಕ್, ಇದು ಹುರಿದ ಕುಂಬಳ ಬೀಜ, ಸುಟ್ಟ ಟೊಮೇಟೊ ಸೇರಿಸಿ ಅರೆದ ಮಾಯಾ ಚಟ್ನಿ. ನಮ್ಮ ನಾಲಿಗೆಗೆ ತಟ್ಟನೆ ಹಿಡಿಸುತ್ತದೆ. ಕಳ್ಳಿಯ ಎಲೆಯ ಪಲ್ಯ ತುಂಬಿದ ನೊಪಾಲ್ ಟಾಕೊ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಬೀದಿ ಬದಿಯ ಬೇಯಿಸಿದ ಜೋಳದ ತೆನೆ. ಹಬನೇರೊ ಮೆಣಸಿನಕಾಯಿಯ ಸಾಲ್ಸಾವನ್ನು ಮಾತ್ರ ಹನಿಯಷ್ಟು ರುಚಿ ನೋಡಿ ಆಮೇಲೆ ಹಾಕಿಕೊಳ್ಳಿ. ಬ್ಯಾಡಗಿಯ ಅಂದಾಜು ಇಲ್ಲಿ ನಡೆಯುವುದಿಲ್ಲ.

ನಲ್ಲಿ ನೀರು ಕುಡಿಯಬೇಡಿ. ಹಲ್ಲುಜ್ಜಲೂ ಬಾಟಲಿ ನೀರೇ ಒಳ್ಳೆಯದು.

ಹಂತ 10: ಹೊರಡುವ ದಿನ

ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಿ, ಪ್ಲಾಯಾದಿಂದ ಬರುವ ದಾರಿಗೆ ಇನ್ನೊಂದೂವರೆ ಗಂಟೆ ಇಟ್ಟುಕೊಳ್ಳಿ. ಎಚ್-1ಬಿಯವರು ಐ-797 ಪತ್ರ, ಇತ್ತೀಚಿನ ಸಂಬಳ ಚೀಟಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಚೆಕ್ ಇನ್ ಮಾಡುವ ಪೆಟ್ಟಿಗೆಯಲ್ಲಿ ಬೇಡ.

ಕೊನೆಯದಾಗಿ ಒಂದು ಹಣ್ಣಿನ ವಿಷಯ. ಮಾರುಕಟ್ಟೆಯಲ್ಲಿ ಚಿಕೊಸಪೋತೆ ಅಂತ ಮಾರುತ್ತಾರೆ. ನಮ್ಮ ಸಪೋಟವೇ. ಆ ಮರದ ತವರು ಇದೇ ಯುಕಟಾನ್ ಮತ್ತು ಸುತ್ತಲಿನ ನಾಡು. ಸಪೋಟ, ಚಿಕ್ಕು ಎಂಬ ನಮ್ಮ ಹೆಸರುಗಳೂ ಅಲ್ಲಿಂದ ಬಂದವು. ಅದರ ಮರ ಎಷ್ಟು ಗಟ್ಟಿ ಅಂದರೆ ಮಾಯಾ ಜನ ಗುಡಿಯ ಬಾಗಿಲುಗಳ ಮೇಲಿನ ತೊಲೆಗೆ ಅದನ್ನೇ ಬಳಸಿದರು. ಒಂದು ಕಿಲೋ ಕೊಂಡುಕೊಳ್ಳಿ. ಆದರೆ ಹಣ್ಣು ಹಂಪಲನ್ನು ಅಮೆರಿಕಕ್ಕೆ ತರಲು ಹೋಗಬೇಡಿ, ಹೇಳದೆ ತಂದು ಸಿಕ್ಕಿಬಿದ್ದರೆ ದಂಡ. ರೂಮು ಬಿಡುವ ಮುಂಚೆ ಬಾಲ್ಕನಿಯಲ್ಲಿ ಕೂತು ಎಲ್ಲರೂ ಸೇರಿ ತಿಂದು ಮುಗಿಸಿ.